ಹದಿನೈದು ವರ್ಷಕ್ಕೂ ಹಳೆಯ ಡಿಜಿಟಲ್ ಕ್ಯಾಮೆರಾ ಕೊಳ್ಳಬಹುದೇ?

ಪ್ರಶ್ನೆ: 2008ರ ಸುಮಾರಿನ, 12 ಮೆಗಾಪಿಕ್ಸೆಲ್‌ನ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ, ಒಳಗೆ ಕನ್ನಡಿಯಿರುವ ಕ್ಯಾಮೆರಾ) ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿದೆ. ಶಟರ್ ಕೌಂಟ್, ಅಂದರೆ ಇದುವರೆಗೆ ಶಟರ್ ಕ್ಲಿಕ್ ಆದ ಲೆಕ್ಕ, 45,000 ಅಂತೆ. ಫೋಟೊಗ್ರಫಿ ಕಲಿಯಲು ತೆಗೆದುಕೊಳ್ಳಬಹುದೇ, ಇಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತದೆಯೇ?

ಉತ್ತರ: ಕೊಳ್ಳಬಹುದು. ಆದರೆ ಅರ್ಧ ಗಂಟೆ ಕೈಯಲ್ಲಿ ಹಿಡಿದು ಪರೀಕ್ಷಿಸಲು ಮಾರುವವರು ಒಪ್ಪಬೇಕು. ಒಪ್ಪದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದೇ ಕಾಲದ, 12 ಮೆಗಾಪಿಕ್ಸೆಲ್‌ನ ನಿಕಾನ್ ಡಿ90 ಕೊಡುವ ಚಿತ್ರ 4288×2848 ಪಿಕ್ಸೆಲ್. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಅದು ಸುಮಾರು 14×9.5 ಇಂಚಿನ ಒಳ್ಳೆಯ ಪ್ರಿಂಟ್ ಆಗುತ್ತದೆ. ಹಳೆಯ ಕ್ಯಾಮೆರಾ ಸೋಲುವುದು ಮಬ್ಬು ಬೆಳಕಿನಲ್ಲಿ, ಓಡುವ ಮಕ್ಕಳ ಮೇಲೆ ಫೋಕಸ್ ಹಿಡಿಯುವಾಗ ಮತ್ತು ವಿಡಿಯೊದಲ್ಲಿ. ಈ ಪೀಳಿಗೆಯ ಕ್ಯಾಮೆರಾಗಳಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 800ರವರೆಗೆ ನಿಶ್ಚಿಂತೆ. 1600ರಲ್ಲಿ ಕಾಳು ಕಾಳಾಗಿ ಕಾಣಲು ತೊಡಗುತ್ತದೆ. ನಿಮ್ಮ ಕೆಲಸ ಹೆಚ್ಚಾಗಿ ಒಳಾಂಗಣದ ಸಮಾರಂಭ ಅಥವಾ ವಿಡಿಯೊ ಆದರೆ ಇನ್ನೂ ಹೊಸ ಮಾದರಿ ನೋಡಿ. ಹಗಲು ಬೆಳಕಿನಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಅಳತೆ), ಶಟರ್ ವೇಗ, ಐಎಸ್‌ಒ ಕಲಿಯಲು ಇದು ಧಾರಾಳವಾಗಿ ಸಾಕು.

ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮುಟ್ಟುವ ಮೊದಲು ಬ್ಯಾಟರಿ ಮತ್ತು ಕಾರ್ಡ್ ಬಗ್ಗೆ ವಿಚಾರಿಸಿ. ಎಷ್ಟೋ ಹಳೆಯ ಕ್ಯಾಮೆರಾಗಳು ಮೂಲೆಗೆ ಬೀಳುವುದು ಇವೆರಡರಿಂದ. ಕ್ಯಾನನ್‌ನ ಎಲ್‌ಪಿ-ಇ6ರಂಥ ಬ್ಯಾಟರಿ ಹಲವು ಮಾದರಿಗಳಿಗೆ ಹೊಂದುವುದರಿಂದ ಇಂದಿಗೂ ಸುಲಭವಾಗಿ ಸಿಗುತ್ತದೆ. ಒಂದೇ ಮಾದರಿಗೆಂದು ಮಾಡಿದ ಬ್ಯಾಟರಿ ಸಿಗದಿರಬಹುದು. ಚಾರ್ಜರ್ ಜೊತೆಗೇ ಬರುತ್ತದೆಯೇ ಕೇಳಿ. ಬ್ಯಾಟರಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ: ಹೊಟ್ಟೆ ಉಬ್ಬಿದ್ದರೆ ಅದನ್ನು ಬಳಸಲೇಬೇಡಿ, ಕ್ಯಾಮೆರಾದೊಳಗೆ ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ಕಾರ್ಡ್ ವಿಷಯದಲ್ಲಿ, ಎಸ್‌ಡಿಎಚ್‌ಸಿ (2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್‌ಗಳ ಬಗೆ) ಬಂದದ್ದು 2006ರಲ್ಲಿ. ಅದಕ್ಕೂ ಹಿಂದಿನ ಬಹುತೇಕ ಎಸ್‌ಡಿ ಕ್ಯಾಮೆರಾಗಳು 2 ಜಿಬಿಗಿಂತ ದೊಡ್ಡ ಕಾರ್ಡ್ ಓದುವುದಿಲ್ಲ. ನೀವು ಹೇಳುವ ಕಾಲದವು 32 ಜಿಬಿವರೆಗೆ ಓದುತ್ತವೆ. 64 ಜಿಬಿ ಹಾಕಿ ‘ಕ್ಯಾಮೆರಾ ಕೆಟ್ಟಿದೆ’ ಎಂದುಕೊಳ್ಳುವವರು ಬಹಳ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನದಾದರೆ ಟಾರ್ಚ್ ಬಿಟ್ಟು ಸ್ಲಾಟ್ ಒಳಗೆ ನೋಡಿ. ಅಲ್ಲಿರುವ 50 ಪಿನ್‌ಗಳಲ್ಲಿ ಒಂದು ಬಾಗಿದ್ದರೂ ಬಿಟ್ಟುಬಿಡಿ.

ಇನ್ನು ಶಟರ್ ಕೌಂಟ್. ನಿಕಾನ್ ಡಿ700 ಮತ್ತು ಕ್ಯಾನನ್ 5ಡಿ ಮಾರ್ಕ್ 2ರ ಶಟರ್‌ಗಳನ್ನು ತಯಾರಕರು 1,50,000 ಕ್ಲಿಕ್‌ಗೆ ಪರೀಕ್ಷಿಸಿದ್ದರು. ಕೆಳದರ್ಜೆಯ ಮಾದರಿಗಳಲ್ಲಿ ಇದು ಕಡಿಮೆ. ಆ ಸಂಖ್ಯೆ ದಾಟಿದ ಕೂಡಲೇ ಶಟರ್ ನಿಲ್ಲುವುದಿಲ್ಲ, ಅದರೊಳಗೆ ಕೆಡುವುದಿಲ್ಲವೆಂಬ ಭರವಸೆಯೂ ಇಲ್ಲ. ಹಾಗೆ ನೋಡಿದರೆ 45,000 ಗಾಬರಿಪಡುವ ಅಂಕಿಯಲ್ಲ. ಬೀರುವಿನಲ್ಲಿ ಹತ್ತು ವರ್ಷ ಮಲಗಿದ್ದ, 3,000 ಕ್ಲಿಕ್‌ನ ಕ್ಯಾಮೆರಾ ಇದಕ್ಕಿಂತ ಕೆಟ್ಟದಾಗಿರಬಹುದು: ಗ್ರಿಪ್ಪಿನ ರಬ್ಬರ್ ಅಂಟಂಟಾಗಿ, ಲೆನ್ಸ್‌ಗೆ ಬೂಷ್ಟು ಹಿಡಿದಿರುತ್ತದೆ. ನಿಕಾನ್‌ನಲ್ಲಿ ಈ ಎಣಿಕೆ ಫೋಟೊದ ಎಕ್ಸಿಫ್ ಮಾಹಿತಿಯಲ್ಲೇ (ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ವಿವರ) ಇರುತ್ತದೆ, ಆದರೆ ಕ್ಯಾಮೆರಾದಿಂದ ನೇರ ತೆಗೆದ ಫೈಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಮಾಹಿತಿ ಅಳಿದುಹೋಗುತ್ತದೆ. ಕ್ಯಾನನ್‌ನ ಹೆಚ್ಚಿನ ಮಾದರಿಗಳಿಗೆ ಯುಎಸ್‌ಬಿ ಕೇಬಲ್ ಜೋಡಿಸಿ ತಂತ್ರಾಂಶದಿಂದಲೇ ನೋಡಬೇಕು. ಫೋಟೊ ಫೈಲಿನ ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಬೇಡಿ, 9999 ಆದ ಮೇಲೆ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ನೋಡಲು ಹೋಗುವಾಗ ನಿಮ್ಮದೇ ಒಂದು ಕಾರ್ಡ್ ಮತ್ತು ಟಾರ್ಚ್ ಒಯ್ಯಿರಿ. ಮೊದಲು ಸೆನ್ಸರ್. ಅಪರ್ಚರ್ ಎಫ್/16, ಐಎಸ್‌ಒ 200, ಎಕ್ಸ್‌ಪೋಷರ್ +1 (ಚಿತ್ರ ಒಂದು ಹಂತ ಬೆಳ್ಳಗೆ ಬರುವಂತೆ). ಮ್ಯಾನ್ಯುಯಲ್ ಫೋಕಸ್‌ನಲ್ಲಿ ದೂರಕ್ಕೆ ತಿರುಗಿಸಿಟ್ಟು ಹತ್ತಿರದ ಬಿಳಿ ಗೋಡೆಯ ಫೋಟೊ ತೆಗೆಯಿರಿ, ಆಮೇಲೆ ಜೂಮ್ ಮಾಡಿ ಮೂಲೆ ಮೂಲೆ ನೋಡಿ. ಮಸುಕಾದ ದುಂಡು ಚುಕ್ಕಿಗಳು ದೂಳು. ಶುಚಿ ಮಾಡಿಸಿದರೆ ಹೋಗುತ್ತವೆ. ಗೆರೆಯಂತೆ ಚೂಪಾಗಿ ಕಾಣುವುದು ಗೀರು, ಅದಕ್ಕೆ ಮದ್ದಿಲ್ಲ. ಎರಡನೆಯದು, ಲೆನ್ಸ್ ಮುಚ್ಚಳ ಹಾಕಿ 30 ಸೆಕೆಂಡಿನ ಒಂದು ಫೋಟೊ. ಹತ್ತಿಪ್ಪತ್ತು ಬಣ್ಣದ ಚುಕ್ಕಿ ಬಂದರೆ ಸಹಜ. ಮೇಲಿನಿಂದ ಕೆಳಗಿನವರೆಗೆ ಗೆರೆ ಬಂದರೆ ಕೈಬಿಡಿ. ಮೂರನೆಯದು, ಕ್ಯಾಮೆರಾದ ಅತಿ ವೇಗದ ಶಟರ್‌ನಲ್ಲಿ ಸೂರ್ಯನಿಲ್ಲದ ದಿಕ್ಕಿನ ಆಕಾಶದ ಹತ್ತು ಫೋಟೊ. ಒಂದರಲ್ಲಾದರೂ ಅಂಚಿಗೆ ಕಪ್ಪು ಪಟ್ಟಿ ಕಂಡರೆ ಶಟರ್ ಪರದೆಗಳ ಹೊಂದಾಣಿಕೆ ತಪ್ಪಿದೆ. ಇದು ಕೌಂಟ್‌ಗಿಂತ ನಂಬಲರ್ಹ ಸಾಕ್ಷಿ.

ಲೆನ್ಸನ್ನು ಬಿಚ್ಚಿ, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದೇ ಬೂಷ್ಟು. ಅದು ಗಾಜಿನ ಲೇಪವನ್ನೇ ತಿನ್ನುವುದರಿಂದ ತೊಳೆಸಿದರೂ ಗುರುತು ಉಳಿಯಬಹುದು. ನಾಲ್ಕಾರು ದೂಳಿನ ಕಣ ಇದ್ದರೆ ಚಿತ್ರಕ್ಕೇನೂ ಆಗದು. ತಳದ ತಿರುಪುಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ, ಏಕೆಂದು ಕೇಳಿ.

ಕೆಲವು ದೋಷ ಮಾದರಿಗೇ ಅಂಟಿದ್ದು. 2005ರ ಕ್ಯಾನನ್ 5ಡಿಯ ಕೆಲವು ಕ್ಯಾಮೆರಾಗಳಲ್ಲಿ ಒಳಗಿನ ಕನ್ನಡಿ ಕಳಚಿ ಬೀಳುತ್ತಿತ್ತು. 2012ರ ನಿಕಾನ್ ಡಿ600 ಸೆನ್ಸರ್ ಮೇಲೆ ಚುಕ್ಕಿ ಕಟ್ಟುವುದಕ್ಕೆ ಹೆಸರಾಗಿತ್ತು. ಹಾಗಾಗಿ ನಿಮ್ಮ ಮಾದರಿಯ ಚರಿತ್ರೆ ಓದಿಯೇ ಹೋಗಿ. ‘ಸಿಸಿಡಿ ಬಣ್ಣ’ (ಸಿಸಿಡಿ ಎಂಬುದು ಹಳೆಯ ಬಗೆಯ ಸೆನ್ಸರ್) ಎಂದು ಪುಟ್ಟ ಹಳೆಯ ಕ್ಯಾಮೆರಾಗಳಿಗೆ ಹೆಚ್ಚು ಕೇಳುವವರೂ ಇದ್ದಾರೆ. ಆ ಬಣ್ಣದಲ್ಲಿ ಸೆನ್ಸರ್ ಬಗೆಗಿಂತ ಬಣ್ಣದ ಫಿಲ್ಟರ್ ಮತ್ತು ಕ್ಯಾಮೆರಾದೊಳಗಿನ ಸಂಸ್ಕರಣೆಯ ಪಾಲೇ ಹೆಚ್ಚು. ಅದೊಂದಕ್ಕೆಂದು ಹೆಚ್ಚು ತೆರಬೇಡಿ.

ಬ್ಯಾಟರಿ ತೆಗೆದು ಹಾಕಿದಾಗ ತಾರೀಖು ಮರೆತರೆ ಒಳಗಿನ ಸಣ್ಣ ಸೆಲ್ ಬರಿದಾಗಿದೆ ಅಷ್ಟೆ. ಎಷ್ಟೋ ಮಾದರಿಗಳಲ್ಲಿ ಚಾರ್ಜ್ ಆದ ಬ್ಯಾಟರಿ ಎರಡು ಮೂರು ದಿನ ಒಳಗಿದ್ದರೆ ಅದು ಚೇತರಿಸಿಕೊಳ್ಳುತ್ತದೆ.

ಎಲ್ಲ ಸರಿಯಿದ್ದರೆ, ಉಳಿದ ಹಣವನ್ನು 35 ಅಥವಾ 50 ಎಂಎಂ, ಎಫ್/1.8 ಲೆನ್ಸಿಗೆ ಇಡಿ. ಮಬ್ಬು ಬೆಳಕಿನಲ್ಲಿ ಈ ಕ್ಯಾಮೆರಾದ ಕೊರತೆಯನ್ನು ಬಹುಪಾಲು ಅದೇ ತುಂಬುತ್ತದೆ. ನಿಕಾನ್‌ನ ಡಿ40, ಡಿ60, ಡಿ5000ದಂಥ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ, ತಾನಾಗಿ ಫೋಕಸ್ ಆಗಬೇಕಾದರೆ ಅವಕ್ಕೆ ಎಎಫ್-ಎಸ್ ಎಂದು ಬರೆದಿರುವಂಥ, ಮೋಟರ್ ಇರುವ ಲೆನ್ಸೇ ಆಗಬೇಕು. ಡಿ90ಗೆ ಹಳೆಯ ಎಎಫ್ ಲೆನ್ಸೂ ನಡೆಯುತ್ತದೆ.