ಮಾಟಗಾತಿ ಗೊಂಬೆಯ ಕೂದಲು ಉಪ್ಪುನೀರಿನಲ್ಲಿ ತೇಲುತ್ತದೆಯೇ?

ಫ್ಯಾಷನ್ ಗೊಂಬೆಯೊಂದನ್ನು ಕೈಗೆತ್ತಿಕೊಂಡರೆ ಅದೆಲ್ಲ ಒಂದೇ ಪ್ಲಾಸ್ಟಿಕ್ಕು ಅನ್ನಿಸುತ್ತದೆ. ಆದರೆ ಅದರ ತಲೆ ಒಂದು ಪ್ಲಾಸ್ಟಿಕ್, ಮೈ ಇನ್ನೊಂದು, ಕೂದಲು ಮತ್ತೊಂದು, ಕಣ್ಣು ಬೇರೆಯೇ. ಒಂದಕ್ಕೆ ಒಗ್ಗುವುದು ಇನ್ನೊಂದನ್ನು ಕೆಡಿಸುತ್ತದೆ. ತುಟಿಯ ಬಣ್ಣ ತೆಗೆಯುವ ದ್ರಾವಣ ಎದೆಯ ಮೇಲೆ ಬಿದ್ದರೆ ಮೈ ಕರಗುತ್ತದೆ. ಕೂದಲು ನೇರ ಮಾಡುವ ಬಿಸಿ ಒಂದು ಗೊಂಬೆಗೆ ಸರಿ, ಪಕ್ಕದ ಗೊಂಬೆಗೆ ಗಂಡಾಂತರ. ಹಳೇ ಗೊಂಬೆಗೆ ಹೊಸ ರೂಪ ಕೊಡಲು ಹೊರಟವರು ಕತ್ತರಿ, ಕುಂಚ ಹಿಡಿಯುವ ಮೊದಲು ಯಾವ ಭಾಗ ಯಾವುದರಿಂದ ಆಗಿದೆ ಅಂತ ತಿಳಿದುಕೊಳ್ಳಬೇಕು. ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ನನಗೆ ಹುಚ್ಚು ಹಿಡಿಸಿದ್ದು ಬ್ರಾಟ್ಜಿಲ್ಲಾಜ್ ಎಂಬ ಮಾಟಗಾತಿ ಗೊಂಬೆಗಳು. ಅಮೆರಿಕದ ಎಂಜಿಎ ಕಂಪನಿ 2001ರಲ್ಲಿ ದೊಡ್ಡ ತಲೆ, ದಪ್ಪ ತುಟಿಯ ಬ್ರಾಟ್ಜ್ ಗೊಂಬೆಗಳನ್ನು ತಂದಿತ್ತು. 2010ರಲ್ಲಿ ಮ್ಯಾಟೆಲ್ ಕಂಪನಿಯ ಮಾನ್‌ಸ್ಟರ್ ಹೈ ಗೊಂಬೆಗಳು ಬಂದವು. ಭೂತ-ಪ್ರೇತಗಳ ಮಕ್ಕಳೂ ಫ್ಯಾಷನ್ ಮಾಡಬಹುದು ಅಂತ ಜನ ಒಪ್ಪಿಕೊಂಡರು. 2012ರಲ್ಲಿ ಎಂಜಿಎ ತನ್ನ ಬ್ರಾಟ್ಜ್ ಹುಡುಗಿಯರಿಗೆ ಮಾಟಗಾತಿ ಸೋದರಸಂಬಂಧಿಗಳನ್ನು ಹುಟ್ಟಿಸಿತು. ಮೊದಲ ಸಾಲಿನಲ್ಲಿ ಬಂದವರು ಕ್ಲೋಯೆಟಾ ಸ್ಪೆಲ್ಲೆಟಾ, ಯಾಸ್ಮಿನಾ ಕ್ಲೇರ್‌ವೋಯಾ, ಮೆಗಾನಾ ಬ್ರೂಮ್‌ಸ್ಟಿಕ್ಸ್, ಜೇಡ್ ಜಾಡೋರ್, ಸಾಶಾಬೆಲ್ಲಾ ಪಾಸ್. ಈ ಗೊಂಬೆಗಳು ಮಾರುಕಟ್ಟೆಯಲ್ಲಿ ಜಾಸ್ತಿ ದಿನ ಉಳಿಯಲಿಲ್ಲ. ಹೀಗಾಗಿ ಇವತ್ತು ಕೈಗೆ ಸಿಗುವುದು ಬಹುಪಾಲು ಯಾರೋ ಆಡಿ ಬಿಟ್ಟ ಗೊಂಬೆ. ಕೂದಲು ಗಂಟುಗಂಟು, ಕಾಲಿಗೆ ಕಪ್ಪು ಕಲೆ, ಮೈಮೇಲೆ ಬಟ್ಟೆ ಇರುವುದೇ ಅಪರೂಪ.

ಗೊಂಬೆಗೆ ಸಿಂಗಾರ ಮಾಡುವುದು ನಮ್ಮ ಧಾರವಾಡದ ಕಡೆ ಹೊಸದೇನಲ್ಲ. ಆಷಾಢದ ಮಂಗಳವಾರ ಹುಡುಗಿಯರು ಹಸಿ ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿ ಕಾಳು ಒತ್ತಿ ಚೆಂದ ಮಾಡುತ್ತಾರೆ. ಮಣ್ಣು ಹೇಗೆ ಒಣಗುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಅಂತ ಆ ಕೈಗಳಿಗೆ ಗೊತ್ತು. ಪ್ಲಾಸ್ಟಿಕ್ ಗೊಂಬೆಗೂ ಅಂಥದೇ ತಿಳಿವಳಿಕೆ ಬೇಕು.

ಕೂದಲಿನಿಂದ ಶುರು ಮಾಡೋಣ. ಗೊಂಬೆ ಕೂದಲಿಗೆ ಹೆಚ್ಚಾಗಿ ಬಳಸುವುದು ಮೂರು ಬಗೆ: ನೈಲಾನ್, ಸರಾನ್, ಪಾಲಿಪ್ರೊಪಿಲೀನ್. ನೈಲಾನ್ 1935ರಲ್ಲಿ ಡುಪಾಂಟ್ ಕಂಪನಿಯಲ್ಲಿ ವ್ಯಾಲೆಸ್ ಕ್ಯಾರದರ್ಸ್ ಅವರ ತಂಡ ಮಾಡಿದ್ದು. ಸರಾನ್ ಸಿಕ್ಕಿದ್ದು ಆಕಸ್ಮಿಕವಾಗಿ. 1933ರಲ್ಲಿ ಡೌ ಕೆಮಿಕಲ್ ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುತ್ತಿದ್ದ ರಾಲ್ಫ್ ವೈಲಿ ಎಂಬ ವಿದ್ಯಾರ್ಥಿಗೆ ಒಂದು ಪಾತ್ರೆಯ ತಳದಲ್ಲಿ ಅಂಟಿದ್ದ ವಸ್ತು ಏನು ಮಾಡಿದರೂ ಹೋಗಲಿಲ್ಲ. ಅದೇ ಮುಂದೆ ಸರಾನ್ ಆಯಿತು. ಸರಾನ್ ಕೂದಲು ಭಾರ, ಹೊಳಪು ಜಾಸ್ತಿ, ಕೆಳಗೆ ಚೆನ್ನಾಗಿ ಇಳಿಬೀಳುತ್ತದೆ. ನೈಲಾನ್ ಮೆತ್ತಗೆ, ಗುಂಗುರು ಹಿಡಿದು ನಿಲ್ಲುತ್ತದೆ. ಪಾಲಿಪ್ರೊಪಿಲೀನ್ ಅಗ್ಗ, ಬೇಗ ಒರಟಾಗಿ ಕೆದರಿಕೊಳ್ಳುತ್ತದೆ.

ಕಣ್ಣಲ್ಲಿ ನೋಡಿ ಇವನ್ನು ಬೇರೆ ಮಾಡುವುದು ಕಷ್ಟ. ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ 200 ಮಿಲಿಲೀಟರ್ ನೀರಿಗೆ ಸುಮಾರು 70 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ. ಎರಡಕ್ಕೂ ಒಂದೊಂದು ಹನಿ ಪಾತ್ರೆ ತೊಳೆಯುವ ಸೋಪು ಬಿಡಿ. ಇಲ್ಲದಿದ್ದರೆ ಕೂದಲು ನೀರಿನ ಮೇಲ್ಮೈ ಸೆಳೆತಕ್ಕೆ ಸಿಕ್ಕಿ ಮೇಲೇ ಕೂತು ನಿಮ್ಮನ್ನು ಮೋಸ ಮಾಡುತ್ತದೆ. ಗೊಂಬೆಯ ಹಿಂದಲೆಯಿಂದ ನಾಲ್ಕೈದು ಎಳೆ ಕತ್ತರಿಸಿ, ಬೆರಳಲ್ಲಿ ತಿಕ್ಕಿ ಗಾಳಿ ಗುಳ್ಳೆ ಬಿಡಿಸಿ, ನೀರೊಳಗೆ ಅದ್ದಿ ಬಿಡಿ. ಬರೀ ನೀರಿನ ಸಾಂದ್ರತೆ 1 ಅಂದರೆ ಪಾಲಿಪ್ರೊಪಿಲೀನ್‌ನದು ಸುಮಾರು 0.9, ಅದು ಬರೀ ನೀರಿನಲ್ಲೂ ಮೇಲೆ ಬರುತ್ತದೆ. ನೈಲಾನ್ 1.14. ಅದು ಬರೀ ನೀರಿನಲ್ಲಿ ಮುಳುಗುತ್ತದೆ, ಉಪ್ಪುನೀರಿನಲ್ಲಿ ತೇಲುತ್ತದೆ. ಏಕೆಂದರೆ ಉಪ್ಪು ತುಂಬಿದ ನೀರಿನ ಸಾಂದ್ರತೆ 1.2ರ ಹತ್ತಿರ. ಸರಾನ್ ಸುಮಾರು 1.7, ಎರಡರಲ್ಲೂ ತಳ ಸೇರುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಮಾಡಿ ನೋಡಿ. ಉಪ್ಪುನೀರಿನಲ್ಲಿ ನಿಧಾನಕ್ಕೆ ಮೇಲೇಳುವ ನೇರಳೆ ಎಳೆ ನೋಡುವುದೇ ಒಂದು ಖುಷಿ.

ಯಾವ ಕೂದಲು ಅಂತ ಗೊತ್ತಾದರೆ ಎಷ್ಟು ಬಿಸಿ ಕೊಡಬೇಕು ಅನ್ನುವುದೂ ಗೊತ್ತಾಗುತ್ತದೆ. ಕೂದಲು ನೇರ ಮಾಡುವ ಯಂತ್ರ 180 ಡಿಗ್ರಿ ದಾಟುತ್ತದೆ. ಪಾಲಿಪ್ರೊಪಿಲೀನ್ 160 ಡಿಗ್ರಿ ದಾಟುತ್ತಿದ್ದಂತೆ ಕರಗುತ್ತದೆ. ಸರಾನ್ ಕೂಡ ಅಷ್ಟು ಬಿಸಿ ತಡೆಯುವುದಿಲ್ಲ, ಅದರೊಳಗೆ ಕ್ಲೋರಿನ್ ಇರುವುದರಿಂದ ಕಟುವಾದ ಆಮ್ಲದ ಹೊಗೆಯನ್ನೂ ಬಿಡುತ್ತದೆ. ಹೀಗಾಗಿ ಯಂತ್ರ ದೂರ ಇಟ್ಟು ಬಿಸಿನೀರು ಬಳಸುವುದೇ ಲೇಸು. ಧಾರವಾಡ ಸಮುದ್ರಮಟ್ಟದಿಂದ 700 ಮೀಟರ್‌ಗಿಂತ ಮೇಲಿದೆ. ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಹಾಗಾಗಿ ಯಾವ ಕೂದಲೂ ಕರಗುವ ಭಯವಿಲ್ಲ. ನೈಲಾನ್ ಅಂತೂ ಸುಮಾರು 50 ಡಿಗ್ರಿಗೇ ಒಳಗೊಳಗೆ ಸಡಿಲಾಗುತ್ತದೆ. ಅದರ ಉದ್ದನೆಯ ಅಣುಸರಪಳಿಗಳು ಒಂದರ ಪಕ್ಕ ಒಂದು ಜಾರುತ್ತವೆ. ಒದ್ದೆಯಾದರೆ ಇನ್ನೂ ಬೇಗ. ಒದ್ದೆ ಕೂದಲನ್ನು ಸ್ಟ್ರಾಗೆ ಸುತ್ತಿ, ಬಿಸಿನೀರು ಹೊಯ್ದು, ತಕ್ಷಣ ತಣ್ಣೀರಲ್ಲಿ ಅದ್ದಿ, ಒಣಗುವವರೆಗೆ ಬಿಚ್ಚದೆ ಬಿಟ್ಟರೆ ಸರಪಳಿಗಳು ಆ ಸುರುಳಿಯಲ್ಲೇ ಗಟ್ಟಿಯಾಗಿ ನಿಲ್ಲುತ್ತವೆ.

ಬಿಸಿನೀರಿನಿಂದ ಇನ್ನೊಂದು ಲಾಭ ಉಂಟು. ತಲೆ ಮೆತ್ತಗಾಗಿ ಕುತ್ತಿಗೆಯಿಂದ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ತಣ್ಣಗಿರುವಾಗ ಎಳೆದರೆ ಕುತ್ತಿಗೆಯ ಗೂಟ ಮುರಿಯಬಹುದು.

ಆ ತಲೆ ಮಾಡಿರುವುದು ಪಿವಿಸಿಯಿಂದ, ಅಂದರೆ ಗೊಂಬೆಯವರು ವಿನೈಲ್ ಅನ್ನುವ ಪ್ಲಾಸ್ಟಿಕ್ಕಿನಿಂದ. ಹೊಲದ ಬೋರ್‌ವೆಲ್ಲಿಗೆ ಇಳಿಸುವ ಗಟ್ಟಿ ಪೈಪೂ ಅದೇ ಪಿವಿಸಿ. ಗಟ್ಟಿ ಪಿವಿಸಿಯನ್ನು ಕೆನ್ನೆಯಂತೆ ಮೆತ್ತಗೆ ಮಾಡುವ ದಾರಿ 1926ರಲ್ಲಿ ಸಿಕ್ಕಿತು. ಅಮೆರಿಕದ ವಾಲ್ಡೊ ಸೆಮನ್ ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟು ಹುಡುಕುತ್ತಿದ್ದಾಗ, ಕುದಿಯುವ ದ್ರಾವಕವೊಂದರಲ್ಲಿ ಪಿವಿಸಿ ಕರಗಿ ಬಾಗುವ ವಸ್ತುವಾದದ್ದನ್ನು ಕಂಡರು. ಶ್ಯಾವಿಗೆ ಎಳೆಗಳು ಒಂದಕ್ಕೊಂದು ಅಂಟದಂತೆ ಎಣ್ಣೆ ಹಾಕುತ್ತೇವಲ್ಲ, ಹಾಗೆ ಪಿವಿಸಿಯ ಅಣುಸರಪಳಿಗಳ ನಡುವೆ ಎಣ್ಣೆಯಂಥ ಚಿಕ್ಕ ಅಣುಗಳು ಸೇರಿಕೊಂಡು ಅವು ಜಾರುವಂತೆ ಮಾಡುತ್ತವೆ. ಇವಕ್ಕೆ ಪ್ಲಾಸ್ಟಿಸೈಸರ್ ಅಂತ ಹೆಸರು. ಇವು ಸರಪಳಿಗೆ ಕಟ್ಟಿಕೊಂಡಿಲ್ಲ, ಸುಮ್ನೆ ನಡುವೆ ಕೂತಿವೆ ಅಷ್ಟೇ. ವರ್ಷಗಳು ಕಳೆದಂತೆ ಮೇಲಕ್ಕೆ ಬರುತ್ತವೆ. ಬಿಸಿಲ ಝಳ ಹೆಚ್ಚಿದಷ್ಟೂ ಬೇಗ ಬರುತ್ತವೆ. ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯ ಪತ್ರಾಸ್ ಮನೆಯ ಅಟ್ಟದಲ್ಲಿಟ್ಟ ಗೊಂಬೆಯ ಕಾಲು ಮುಟ್ಟಿ ನೋಡಿ.

"ಅತ್ತಿ, ಇದರ ಕಾಲ್ಯಾಕ ಹಿಂಗ ಜಿಗಿಜಿಗಿ ಆಗೇತಿ?" ಅಂತ ನನ್ನ ಅಣ್ಣನ ಮಗಳು ಕೇಳಿದ್ದು ಇದನ್ನೇ. ಹೊರಬಂದ ಪ್ಲಾಸ್ಟಿಸೈಸರ್ ಧೂಳು ಹಿಡಿಯುತ್ತದೆ. ಸೋಪು ಹಾಕಿ ಉಗುರು ಬೆಚ್ಚನೆ ನೀರಲ್ಲಿ ತೊಳೆದು ಒರೆಸಿದರೆ ಸದ್ಯಕ್ಕೆ ಹೋಗುತ್ತದೆ, ಆಮೇಲೆ ಮತ್ತೆ ಬರುತ್ತದೆ. ತಲೆ ಜಿಗಿಜಿಗಿ ಆಗಲು ಬೇರೆ ಕಾರಣವೂ ಇರಬಹುದು. ಕೆಲವು ಗೊಂಬೆಗಳಲ್ಲಿ ಹೊಲಿದ ಕೂದಲು ಕಿತ್ತು ಬರದಿರಲಿ ಅಂತ ತಲೆಯೊಳಗೆ ಅಂಟು ತುಂಬಿರುತ್ತಾರೆ. ಆ ಅಂಟು ಕೂದಲಿನ ತೂತುಗಳಿಂದ ಹೊರಗೆ ಜಿನುಗುತ್ತದೆ. ಎಷ್ಟು ತೊಳೆದರೂ ಬುಡ ಎಣ್ಣೆ ಹಚ್ಚಿದ ಹಾಗೇ ಕಂಡರೆ ಅದು ಅಂಟು. ಅಂಥ ತಲೆಯನ್ನು ಬಿಚ್ಚಿ ಫ್ರೀಜರಿನಲ್ಲಿಟ್ಟು, ಅಂಟು ಗಟ್ಟಿಯಾದ ಮೇಲೆ ಒಳಗಿನಿಂದ ಕೆರೆದು ತೆಗೆದು, ಹೊಸ ಕೂದಲು ನೆಡುವುದೇ ನನಗೆ ಸರಿ ಕಂಡಿದೆ.

ಬಾಕ್ಸ್ ಒಡೆಯದೆ ಇಟ್ಟರೆ ಗೊಂಬೆ ಹೊಸದಾಗೇ ಇರುತ್ತದೆ ಅಂತ ತುಂಬಾ ಸಂಗ್ರಾಹಕರು ನಂಬುತ್ತಾರೆ. ನಾನು ಒಪ್ಪುವುದಿಲ್ಲ. ಬಾಕ್ಸಿನೊಳಗೂ ಪ್ಲಾಸ್ಟಿಸೈಸರ್ ಹೊರಬರುತ್ತದೆ, ಕೂದಲಿಗೆ ಹಾಕಿದ ರಬ್ಬರ್ ಬ್ಯಾಂಡ್ ಕೊಳೆತು ಅಂಟಿಕೊಳ್ಳುತ್ತದೆ, ಕಪ್ಪು ಬಟ್ಟೆ ಕಾಲಿಗೆ ಬಣ್ಣ ಬಿಡುತ್ತದೆ. ಬಾಕ್ಸಿನಿಂದ ಬೆಲೆ ಉಳಿಯಬಹುದು. ಗೊಂಬೆ ಉಳಿಯಬೇಕಾದರೆ ಆಗಾಗ ತೆಗೆದು ನೋಡಬೇಕು, ತಂಪಾದ ಕತ್ತಲ ಕಪಾಟಿನಲ್ಲಿ ಇಡಬೇಕು, ಪಾಲಿಥೀನ್ ಚೀಲದಲ್ಲಿ ಸುತ್ತಬಾರದು. ಪಾಲಿಥೀನ್ ಪ್ಲಾಸ್ಟಿಸೈಸರನ್ನು ಹೀರಿಕೊಳ್ಳುತ್ತದೆ. ಮೆತ್ತನೆ ವಿನೈಲ್ ಬೂಟನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಡಬ್ಬಿಯ ತಳ ಕರಗಿ ಬೂಟಿನ ಗುರುತು ಮೂಡುವುದೂ ಇದೇ ಕಾರಣಕ್ಕೆ. 1959ರಲ್ಲಿ ಶುರುವಾದ ಬಾರ್ಬಿಯ ಹಳೇ ಗೊಂಬೆಗಳಲ್ಲಿ ಕಿವಿ ಹಸಿರಾಗಿರುವುದನ್ನು ಸಂಗ್ರಾಹಕರು ಬಲ್ಲರು. ಅಲ್ಲಿ ಲೋಹದ ಓಲೆ ಕಿಲುಬು ಹಿಡಿದು ವಿನೈಲಿಗೆ ಇಳಿದಿರುತ್ತದೆ.

ಚಿಕ್ಕ ಮಕ್ಕಳಿರುವ ಮನೆಯವರಿಗೆ ಇಲ್ಲಿ ಒಂದು ಮಾತು. ಪ್ಲಾಸ್ಟಿಸೈಸರ್‌ಗಳಲ್ಲಿ ಥ್ಯಾಲೇಟ್ ಎಂಬ ಗುಂಪಿನ ಕೆಲವು ಹಾರ್ಮೋನುಗಳ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಯುರೋಪ್ 1999ರಲ್ಲಿ, ಅಮೆರಿಕ 2008ರಲ್ಲಿ ಆಟಿಕೆಗಳಲ್ಲಿ ಇವಕ್ಕೆ ಕಡಿವಾಣ ಹಾಕಿದವು. ನಮ್ಮಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಎಲ್ಲಿಂದಲೋ ಬಂದ ಹಳೇ ಗೊಂಬೆ ನೋಡಲು ಚೆಂದ, ಕಪಾಟಿನಲ್ಲಿಡಲು ಚೆಂದ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿನ ಕೈಗೆ ಬೇಡ.

ಇನ್ನು ಮುಖ. ಕಾರ್ಖಾನೆಯ ಬಣ್ಣ ತೆಗೆಯಲು ಅಸಿಟೋನ್ ಬೇಕು. ಕೆಲವು ನೇಲ್ ಪಾಲಿಶ್ ರಿಮೂವರ್‌ಗಳಲ್ಲಿ ಇರುವುದು ಅದೇ. ವಿನೈಲ್ ತಲೆ ಸ್ವಲ್ಪ ಹೊತ್ತು ಅದನ್ನು ತಡೆದುಕೊಳ್ಳುತ್ತದೆ. ಜಾಸ್ತಿ ಹೊತ್ತು ತಿಕ್ಕಿದರೆ ಪ್ಲಾಸ್ಟಿಸೈಸರನ್ನೂ ಎಳೆದುಕೊಂಡು ಬರುತ್ತದೆ. ಮೈಯ ಗಟ್ಟಿ ಭಾಗ ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್, ಅಸಿಟೋನ್ ತಾಗಿದರೆ ಕರಗಿ ಬೆಳ್ಳಗಾಗುತ್ತದೆ. ಅದಕ್ಕೇ ತಲೆ ಬಿಚ್ಚಿಕೊಂಡು ಕೆಲಸ ಮಾಡಬೇಕು. ಕಿಟಕಿ ತೆರೆದಿರಲಿ, ಗ್ಯಾಸ್ ಒಲೆ ಹತ್ತಿರ ಇರಬಾರದು. ಅಸಿಟೋನ್ ಆವಿ ಕಿಡಿಗೆ ತಕ್ಷಣ ಹತ್ತಿಕೊಳ್ಳುತ್ತದೆ.

ಬ್ರಾಟ್ಜಿಲ್ಲಾಜ್ ಗೊಂಬೆಯ ಮುಖದಲ್ಲಿ ಇನ್ನಷ್ಟು ಜೋಪಾನ ಬೇಕು. ಇವುಗಳ ಕಣ್ಣು ಬರೆದದ್ದಲ್ಲ, ಗಾಜಿನಂತೆ ಹೊಳೆಯುವ ಕಣ್ಣನ್ನು ಕೂರಿಸಿದ್ದಾರೆ. ಪಾರದರ್ಶಕ ಗಟ್ಟಿ ಪ್ಲಾಸ್ಟಿಕ್ಕುಗಳಲ್ಲಿ ಹೆಚ್ಚಿನವು ಅಸಿಟೋನ್ ತಾಗಿದರೆ ಮಬ್ಬಾಗುತ್ತವೆ, ಆ ಹೊಳಪು ಮತ್ತೆ ಬರುವುದಿಲ್ಲ. ಕಿವಿ ಕಡ್ಡಿಗೆ ಒಂದೇ ಹನಿ ಅದ್ದಿ, ಹಿಂಡಿ, ರೆಪ್ಪೆಯಿಂದ ಹೊರಮುಖವಾಗಿ ಒರೆಸಬೇಕು. ಕೂರಿಸಿದ ಕಣ್ಣಿಗೆ ಅಷ್ಟು ಜೀವ ಬರುವುದಕ್ಕೂ ಕಾರಣ ಇದೆ. ಕಣ್ಣಿನ ಪಾಪೆ ರೆಪ್ಪೆಯ ಅಂಚಿಗಿಂತ ಹಿಂದೆ ಇರುತ್ತದೆ. ನೀವು ಬಲಕ್ಕೆ ಸರಿದರೆ, ಹತ್ತಿರದ ಅಂಚಿಗೆ ಹೋಲಿಸಿದಾಗ ದೂರದ ಪಾಪೆ ಕೂಡ ಬಲಕ್ಕೆ ಸರಿದಂತೆ ಕಾಣುತ್ತದೆ. ಎಡಕ್ಕೆ ಹೋದರೆ ಎಡಕ್ಕೆ. ಗೊಂಬೆ ನಿಮ್ಮನ್ನೇ ನೋಡುತ್ತಿದೆ ಅನ್ನಿಸುವುದು ಹೀಗೆ. ಮಾಟಗಾತಿಗೆ ಇದಕ್ಕಿಂತ ಒಳ್ಳೆ ಕಣ್ಣು ಬೇಕೇ?

ಹೊಸ ಬಣ್ಣಕ್ಕೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಸರಿ. ಎನಾಮಲ್ ಪೇಂಟ್ ಬೇಡವೇ ಬೇಡ. ವಿನೈಲಿನ ಪ್ಲಾಸ್ಟಿಸೈಸರ್ ಅದರೊಳಗೆ ಹೊಕ್ಕು, ಪೇಂಟ್ ಒಣಗದೆ ಅಂಟಂಟಾಗೇ ಉಳಿಯುತ್ತದೆ. ಮೊದಲು ಹೊಳಪಿಲ್ಲದ ವಾರ್ನಿಷ್ ಸ್ಪ್ರೇ ಹೊಡೆದರೆ ನುಣುಪು ಮುಖಕ್ಕೆ ಕಣ್ಣಿಗೆ ಕಾಣದ ತರಿ ಬರುತ್ತದೆ, ಕೆನ್ನೆಯ ಪುಡಿಬಣ್ಣ ಅದರಲ್ಲಿ ಕಚ್ಚಿ ನಿಲ್ಲುತ್ತದೆ. ಈ ಸ್ಪ್ರೇಯನ್ನು ಧಾರವಾಡದ ಮಳೆಗಾಲದಲ್ಲಿ ಮಾತ್ರ ಮುಟ್ಟಬೇಡಿ. ದ್ರಾವಕ ಆರುವಾಗ ಮುಖದ ಮೇಲಿನ ಬಿಸಿ ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲ್ಮೈಯಲ್ಲಿ ಗಾಳಿಯ ತೇವ ಹನಿಯಾಗಿ ಕೂತು, ವಾರ್ನಿಷ್ ಬೂದಿ ಬಳಿದಂತೆ ಬಿಳಿಚುತ್ತದೆ. ಡಿಸೆಂಬರ್, ಜನವರಿಯ ಒಣ ಮಧ್ಯಾಹ್ನ ಒಳ್ಳೆಯದು. ಮನೆಯ ಹೊರಗೆ, ಒಳ್ಳೆ ಮಾಸ್ಕ್ ಹಾಕಿಕೊಂಡು.

ಉಡುಪಿನಲ್ಲಿ ನನಗೆ ಬೇರೆ ಆಸೆ. ಮಾಟಗಾತಿಗೆ ಕಪ್ಪು ಬೇಕು. ನಮ್ಮ ಕಡೆ ಕಪ್ಪು ಅಂದರೆ ಚಂದ್ರಕಾಳಿ ಸೀರೆ, ಅದರ ಮೇಲೆ ಕಸೂತಿ. ಹಳೇ ಚಂದ್ರಕಾಳಿಯ ತುಂಡಿನಲ್ಲಿ ಒಂದು ಉದ್ದನೆಯ ಮೇಲುಹೊದಿಕೆ ಮಾಡಿದರೆ ಹೇಗಿರುತ್ತದೆ ನೋಡಿ! ಆದರೆ ಗೊಂಬೆ ಮನುಷ್ಯರ ಆರನೇ ಒಂದು ಪಾಲು. ಬಟ್ಟೆ ಅಷ್ಟು ಕುಗ್ಗುವುದಿಲ್ಲ. ಬಟ್ಟೆ ತನ್ನ ಭಾರಕ್ಕೆ ಎಷ್ಟು ಬಾಗುತ್ತದೆ ಅಂತ ಅಳೆಯುವ ಕ್ರಮವನ್ನು ಜವಳಿ ವಿಜ್ಞಾನಿ ಎಫ್. ಟಿ. ಪಿಯರ್ಸ್ 1930ರಲ್ಲಿ ತೋರಿಸಿಕೊಟ್ಟರು. ಒಂದು ಪಟ್ಟಿಯನ್ನು ಮೇಜಿನ ಅಂಚಿನಾಚೆಗೆ ನಿಧಾನಕ್ಕೆ ಸರಿಸುತ್ತ ಹೋಗಿ. ತುದಿ ಸುಮಾರು 41 ಡಿಗ್ರಿ ಕೆಳಗೆ ಬಾಗಿದಾಗ ಹೊರಗಿರುವ ಉದ್ದದ ಅರ್ಧವೇ ಅದರ ಬಾಗುವಳತೆ. ಒಂದು ಬಟ್ಟೆಗೆ ಅದು 2 ಸೆಂಟಿಮೀಟರ್ ಬಂತು ಅಂತ ಇಟ್ಟುಕೊಳ್ಳಿ. ಮೀಟರ್ ಉದ್ದದ ನಿರಿಗೆಗೆ 2 ಸೆಂಟಿಮೀಟರ್ ಯಾವ ಲೆಕ್ಕ? 12 ಸೆಂಟಿಮೀಟರಿನ ಗೊಂಬೆ ಹೊದಿಕೆಗೆ ಅದು ಆರನೇ ಒಂದು ಭಾಗ. ಬಟ್ಟೆ ಇಳಿಬೀಳದೆ ಸೆಟೆದು ನಿಲ್ಲುತ್ತದೆ. ಅದಕ್ಕೇ ಅಂಗಡಿಯ ಹೊಸ ಖಣಕ್ಕಿಂತ, ಒಗೆದು ಒಗೆದು ತೆಳುವಾದ ಅವ್ವನ ಸೀರೆ ಗೊಂಬೆಗೆ ಮೇಲು.

ಕಪ್ಪು ಬಟ್ಟೆ ಬಣ್ಣ ಬಿಡುತ್ತದೆಯೇ ಅಂತ ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಬೇಕು. ಬಿಟ್ಟ ಬಣ್ಣ ವಿನೈಲಿನ ಪ್ಲಾಸ್ಟಿಸೈಸರಿನಲ್ಲಿ ಕರಗಿ ಒಳಕ್ಕಿಳಿಯುತ್ತದೆ, ಆಮೇಲೆ ಸೋಪಿಗೆ ಬಗ್ಗುವುದಿಲ್ಲ. ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮನ್ನು ಕಲೆಯ ಮೇಲೆ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೆಲವು ದಿನ ಬಿಸಿಲಿಗಿಟ್ಟರೆ ಬಣ್ಣ ಆಕ್ಸಿಡೀಕರಣಗೊಂಡು ಮಾಸುತ್ತದೆ. ಬಣ್ಣ ಹಚ್ಚಿದ ಮುಖಕ್ಕೆ, ಕೂದಲಿಗೆ ಅದು ತಾಗಬಾರದು.

ಕಸೂತಿಯಲ್ಲಿ ಲೆಕ್ಕ ಇನ್ನೂ ಬಿಗಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ, ಎಲ್ಲವೂ ಬಟ್ಟೆಯ ಎಳೆ ಎಣಿಸಿಯೇ ಹಾಕುವಂಥವು. ಸೀರೆಯ ಮೇಲಿನ 3 ಸೆಂಟಿಮೀಟರಿನ ಗೋಪುರ ಗೊಂಬೆಗೆ 5 ಮಿಲಿಮೀಟರ್ ಆಗಬೇಕು. ಸೆಂಟಿಮೀಟರಿಗೆ 20 ಎಳೆ ಇರುವ ಬಟ್ಟೆಯಲ್ಲಿ ಅಷ್ಟರೊಳಗೆ ಸಿಗುವುದು 10 ಎಳೆ. ಎರಡೆರಡು ಎಳೆಗೆ ಒಂದು ಹೊಲಿಗೆ ಅಂದರೂ ಬರೀ ಐದು. ಐದು ಹೊಲಿಗೆಯಲ್ಲಿ ಗೋಪುರ ಏಳುವುದಿಲ್ಲ, ಚಿಕ್ಕಿ ಮೂಡುತ್ತದೆ. ಹೀಗಾಗಿ ನನ್ನ ಮೆಗಾನಾಳ ಹೊದಿಕೆಗೆ ಅಂಚಿನುದ್ದಕ್ಕೂ ಚಿಕ್ಕಿ, ಒಂದೇ ಎಳೆ ಬಿಳಿ ದಾರದಲ್ಲಿ, ಗವಂತಿಯಲ್ಲಿ. ಗವಂತಿಯಲ್ಲಿ ಗಂಟು ಹಾಕುವುದಿಲ್ಲ, ಹಿಂದೆ ಮುಂದೆ ಎರಡೂ ಬದಿ ಒಂದೇ ತರಹ ಕಾಣುತ್ತದೆ. ಒಳಗಿನ ಗಂಟು ಮುಚ್ಚಲು ಅಸ್ತರು ಹಾಕಿದ್ದರೆ ಬಟ್ಟೆ ಮತ್ತೆ ಸೆಟೆಯುತ್ತಿತ್ತು. ಇಲ್ಲಿ ಅಸ್ತರೇ ಬೇಡ.