ಹಳೆಯ ಫ್ರೀವೀಲ್ ಬಿಚ್ಚುವಾಗ: ಉಲ್ಟಾ ಥ್ರೆಡ್, ಪಾಲ್, ವಾಷರ್

ಫ್ರೀವೀಲ್ ಅಂದರೆ ಪೆಡಲ್ ನಿಲ್ಲಿಸಿದರೂ ಸೈಕಲ್ಲಿನ ಹಿಂದಿನ ಚಕ್ರ ತಿರುಗುತ್ತಿರಲು ಬಿಡುವ ಹಲ್ಲುಚಕ್ರ. 1970ರ ದಶಕದ ಸನ್‌ಟೂರ್ ಪರ್ಫೆಕ್ಟ್ ಫ್ರೀವೀಲನ್ನೇ ಮುಂದಿಟ್ಟುಕೊಳ್ಳೋಣ. ಜಪಾನಿನ ಮಾಯೆದಾ ಕಂಪನಿಯದು. ನಮ್ಮ ಹಳೆಯ ಸಿಂಗಲ್ ಫ್ರೀವೀಲ್‌ಗಳ ಒಳಗೂ ಹೆಚ್ಚುಕಡಿಮೆ ಇದೇ ಏರ್ಪಾಡು.

ಮೊದಲೇ ಹೇಳಿಬಿಡುತ್ತೇನೆ: ಬರೀ ಕೊಳೆ ಆಗಿದ್ದರೆ ಬಿಚ್ಚಬೇಡಿ. ಸೀಮೆಎಣ್ಣೆ ಬಿಟ್ಟು ತಿರುಗಿಸಿ, ಒಣಗಿಸಿ, ತೆಳು ಎಣ್ಣೆ ಹಾಕಿದರೆ ಎಷ್ಟೋ ಸಲ ಅಷ್ಟೇ ಸಾಕು. ಆಮೇಲೂ ಗರಗರ ಅಂದರೆ, ಪೆಡಲ್ ಜಾರಿದರೆ ಬಿಚ್ಚಿ.

ಮುಂಭಾಗದ ಮುಚ್ಚಳದಲ್ಲಿ ಎರಡು ಸಣ್ಣ ತೂತು ಇರುತ್ತವೆ. ಇದರ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲ ಆಗುತ್ತದೆ. ಕಾರಣ ಇದೆ. ಪೆಡಲ್ ನಿಲ್ಲಿಸಿ ಸಾಗುವಾಗ ಚಕ್ರ ಮುಂದೆ ಹೋಗುತ್ತದೆ, ಹಲ್ಲಿನ ಭಾಗ ನಿಂತಿರುತ್ತದೆ. ಚಕ್ರದ ಜೊತೆಗೇ ತಿರುಗುವ ಮುಚ್ಚಳದ ಲೆಕ್ಕದಲ್ಲಿ ಹಲ್ಲಿನ ಭಾಗ ಹಿಂದಕ್ಕೆ ತಿರುಗಿದಂತೆ. ಮಾಮೂಲಿ ಥ್ರೆಡ್ ಆಗಿದ್ದರೆ ಆ ಎಳೆತಕ್ಕೇ ಮುಚ್ಚಳ ಬಿಚ್ಚಿಕೊಳ್ಳುತ್ತಿತ್ತು. ಫ್ರೀವೀಲ್ ಚಕ್ರದ ಮೇಲೆ ಇರುವಾಗಲೇ ತೂತಿಗೆ ಪಂಚ್ ಇಟ್ಟು ಸುತ್ತಿಗೆಯಿಂದ ತಟ್ಟಿ, ಹಿಡಿತ ಚೆನ್ನಾಗಿ ಸಿಗುತ್ತದೆ.

ಬಿಚ್ಚುವಾಗ ಕೆಳಗೆ ಅಗಲದ ತಟ್ಟೆ ಇರಲಿ. ಬಾಲ್‌ಗಳು 1/8 ಇಂಚಿನವು, ಮುಂದೊಂದು ಸಾಲು, ಹಿಂದೊಂದು ಸಾಲು. ಎರಡನ್ನೂ ಬೇರೆ ಬೇರೆ ಎಣಿಸಿ ಬರೆದಿಡಿ. ಪಾಲ್‌ಗಳನ್ನು, ಅಂದರೆ ಸ್ಪ್ರಿಂಗ್‌ನಿಂದ ಮೇಲೆದ್ದು ಒಳಗಿನ ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಕೊಕ್ಕೆಗಳನ್ನು, ಸೀಮೆಎಣ್ಣೆಯಲ್ಲಿ ತೊಳೆಯಿರಿ. ಅವುಗಳ ತುದಿ ಸವೆದು ದುಂಡಗಾಗಿದ್ದರೆ ಕ್ಲೀನ್ ಮಾಡಿ ಪ್ರಯೋಜನ ಇಲ್ಲ. ಪಾಲ್‌ಗೆ ಗ್ರೀಸ್ ಬೇಡ, ತೆಳು ಎಣ್ಣೆಯೇ ಸರಿ. ದಪ್ಪ ಗ್ರೀಸ್‌ನಲ್ಲಿ ಪಾಲ್ ಅಂಟಿಕೊಂಡರೆ ಆ ಪುಟ್ಟ ಸ್ಪ್ರಿಂಗ್‌ಗೆ ಎತ್ತಲಾಗುವುದಿಲ್ಲ. ಜೋರಾಗಿ ತುಳಿದಾಗ ಪೆಡಲ್ ಜಾರಿದರೆ ಬೀಳುವುದೇ, ಅಲ್ವಾ?

ಜೋಡಿಸುವಾಗ ಪಾಲ್‌ಗಳ ಸುತ್ತ ಹೊಲಿಗೆ ದಾರ ಒಂದು ಸುತ್ತು ಬಿಗಿದು ಮಡಚಿ ಹಿಡಿಯಿರಿ. ಹಿಂದಿನ ಸಾಲಿನ ಬಾಲ್‌ಗಳನ್ನು ಮಾತ್ರ ಸ್ವಲ್ಪ ಗ್ರೀಸ್‌ನಲ್ಲಿ ಅಂಟಿಸಿ, ಹಲ್ಲಿನ ಭಾಗವನ್ನು ಮೇಲಿಂದ ನಿಧಾನಕ್ಕೆ ಇಳಿಸಿ. ಪಾಲ್‌ಗಳು ಒಳಗೆ ಸೇರಿದ ಮೇಲೆ ದಾರ ಎಳೆದುಬಿಡಿ. ನಂತರ ಮುಂದಿನ ಸಾಲಿನ ಬಾಲ್‌ಗಳು.

ಇನ್ನು ಮುಚ್ಚಳದ ಕೆಳಗಿನ ವಾಷರ್‌ಗಳು. ತೀರಾ ತೆಳು, ಸುಮ್ನೆ ಕೊಳೆ ಅಂದುಕೊಂಡು ಒರೆಸಿ ಬಿಸಾಕುವಂಥವು. ಆದರೆ ಬೇರಿಂಗ್ ಎಷ್ಟು ಬಿಗಿ ಎಂದು ತೀರ್ಮಾನಿಸುವುದು ಅವೇ. ಒಂದು ತೆಗೆದರೆ ಮುಚ್ಚಳ ಒಳಗಿಳಿಯುತ್ತದೆ, ಆಟ (ಬೇರಿಂಗ್‌ನ ಅಲ್ಲಾಟ) ಕಡಿಮೆ ಆಗುತ್ತದೆ. ಜಾಸ್ತಿ ತೆಗೆದರೆ ಫ್ರೀವೀಲ್ ಹಿಡಿದುಕೊಳ್ಳುತ್ತದೆ, ಪೆಡಲ್ ನಿಲ್ಲಿಸಿದ ಕೂಡಲೇ ಮೇಲಿನ ಚೈನ್ ಜೋತುಬೀಳುತ್ತದೆ. ನನ್ನ ಪ್ರಕಾರ ಇದ್ದ ವಾಷರ್‌ಗಳನ್ನೆಲ್ಲ ಮೊದಲು ಹಾಗೇ ಹಾಕಿ, ಮುಚ್ಚಳವನ್ನು ಪೂರ್ತಿ ಬಿಗಿ ಮಾಡಿ ನೋಡಬೇಕು. ಅರೆಬಿಗಿಯಲ್ಲಿ ಆಟ ಅಳೆಯಬೇಡಿ. ಕೈಯಲ್ಲಿ ಅಲ್ಲಾಡಿಸಿದಾಗ ಆಟ ತುಂಬಾ ಇದ್ದರೆ ಮಾತ್ರ ಅತಿ ತೆಳುವಾದ ಒಂದನ್ನು ತೆಗೆದು ಮತ್ತೆ ಬಿಗಿ ಮಾಡಿ ತಿರುಗಿಸಿ. ಚೂರು ಆಟ ಉಳಿದರೆ ಉಳಿಯಲಿ.