ಖಾಸಗಿ ಸೇನಾ ಗುತ್ತಿಗೆ: ಎಲ್ಲರೂ ‘ಕೂಲಿ ಸೈನಿಕ’ರಲ್ಲ

ದಾವಣಗೆರೆಯಲ್ಲಿ ಕೆಎಎಸ್, ಯುಪಿಎಸ್‌ಸಿಗೆ ಓದುತ್ತಿರುವ ಗೆಳೆಯರೇ, ಸೇನೆಯ ಕೆಲಸವನ್ನು ಸರ್ಕಾರಗಳು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡುವುದರ ಬಗೆಗಿನ ಪ್ರಶ್ನೆಯಲ್ಲಿ ಅಂಕ ಹೋಗುವುದು ಗುತ್ತಿಗೆಯವರನ್ನೆಲ್ಲ ‘ಕೂಲಿ ಸೈನಿಕರು’ ಎಂದು ಬರೆದಾಗ. ಒಬ್ಬನನ್ನು ಕೂಲಿ ಸೈನಿಕ ಎನ್ನಲು ಯುದ್ಧ ನಿಯಮಗಳ ಒಪ್ಪಂದವಾದ 1977ರ ಜಿನೀವಾ ಹೆಚ್ಚುವರಿ ಪ್ರೋಟೊಕಾಲ್-1ರ 47ನೇ ವಿಧಿಯ ಆರು ಷರತ್ತುಗಳು ಹೀಗಿವೆ: ಹೋರಾಡಲೆಂದೇ ನೇಮಕವಾಗಿರಬೇಕು, ನೇರವಾಗಿ ಹೋರಾಡಿರಬೇಕು, ಸಮಾನ ದರ್ಜೆಯ ಸೈನಿಕನಿಗಿಂತ ಬಹಳ ಹೆಚ್ಚಿನ ಹಣದಾಸೆಯಿಂದ ಬಂದಿರಬೇಕು, ಕಾದಾಡುವ ಪಕ್ಷಗಳ ಪ್ರಜೆಯೋ ನಿವಾಸಿಯೋ ಆಗಿರಬಾರದು, ಅವುಗಳ ಸೇನೆಯವನಾಗಿರಬಾರದು, ಬೇರೆ ದೇಶ ತನ್ನ ಸೇನೆಯಿಂದ ಅಧಿಕೃತವಾಗಿ ಕಳಿಸಿದವನೂ ಆಗಿರಬಾರದು. ಆರೂ ಒಟ್ಟಿಗೆ ಸೇರಬೇಕು. ಇರಾಕ್‌ನಲ್ಲಿ ಅಮೆರಿಕದ ಪರ ಬಂದೂಕು ಹಿಡಿದ ಅಮೆರಿಕನ್ನನು ನಾಲ್ಕನೆಯದರಲ್ಲೇ ಹೊರಬೀಳುತ್ತಾನೆ. ಅಡುಗೆ, ಲಾರಿ ಕೆಲಸದವರು ಎರಡನೆಯದರಲ್ಲಿ. ಭಾರತ ಈ ಪ್ರೋಟೊಕಾಲ್‌ಗೆ ಸೇರಿಲ್ಲ.

ಸೇನಾ ಗುತ್ತಿಗೆಗೆ ಚಿತ್ರದುರ್ಗದ ನಾಯಕರ ಉದಾಹರಣೆ ಕೊಡುವವರು ಎಚ್ಚರವಹಿಸಿ. ಅವರು ವಿಜಯನಗರಕ್ಕೆ ಸೈನ್ಯ ಒದಗಿಸಿ ಸೀಮೆ ಆಳಿದವರು. ಅದು ಸಾಮಂತಿಕೆ, ಅವಧಿ ಮುಗಿದರೆ ಹೊರಡುವ ಕಂಪನಿಯ ಗುತ್ತಿಗೆಯಲ್ಲ.

ಸರ್ಕಾರಗಳು ಗುತ್ತಿಗೆಯತ್ತ ವಾಲಿದ್ದೇಕೆ? ಶೀತಲ ಸಮರದ ನಂತರ ಸೇನೆಗಳು ಕುಗ್ಗಿದವು, ಕಾರ್ಯಾಚರಣೆಗಳು ಕುಗ್ಗಲಿಲ್ಲ. ಅಮೆರಿಕ 1985ರಲ್ಲೇ ‘ಲಾಗ್‌ಕ್ಯಾಪ್’ ಯೋಜನೆಯಡಿ ಊಟ, ಇಂಧನ, ವಸತಿಯನ್ನು ಖಾಸಗಿಗೆ ವಹಿಸುವ ದಾರಿ ಮಾಡಿತು. ಅಫ್ಘಾನಿಸ್ತಾನದಲ್ಲಿ ಎಷ್ಟೋ ವರ್ಷ ಗುತ್ತಿಗೆಯವರೇ ಸೈನಿಕರಿಗಿಂತ ಹೆಚ್ಚಿದ್ದರು. ಸೈನಿಕರ ಸಂಖ್ಯೆಗೆ ಹಾಕಿದ ಮಿತಿ ಇವರಿಗಿಲ್ಲ, ಇವರ ಸಾವು ಸೇನೆಯ ಸಾವಿನ ಪಟ್ಟಿಗೂ ಸೇರುವುದಿಲ್ಲ. ನನ್ನ ಪ್ರಕಾರ ಹಣದ ಉಳಿತಾಯಕ್ಕಿಂತ ಇದೇ ದೊಡ್ಡ ಕಾರಣ. ಉಳಿತಾಯದ ವಾದವೂ ಗಟ್ಟಿಯಲ್ಲ: ಇರಾಕ್, ಅಫ್ಘಾನಿಸ್ತಾನದ ಗುತ್ತಿಗೆಗಳಲ್ಲಿ 31ರಿಂದ 60 ಶತಕೋಟಿ ಡಾಲರ್ ಪೋಲು ಮತ್ತು ವಂಚನೆಗೆ ಹೋಯಿತೆಂದು ಅಮೆರಿಕ ಸಂಸತ್ತೇ ನೇಮಿಸಿದ ಆಯೋಗ 2011ರಲ್ಲಿ ಅಂದಾಜಿಸಿತು.

ಕೆಡುವುದು ಉಪಗುತ್ತಿಗೆಯ ಸರಪಳಿಯಲ್ಲಿ. 2004ರ ಆಗಸ್ಟ್‌ನಲ್ಲಿ ಇರಾಕ್‌ನಲ್ಲಿ ಅಪಹರಣವಾಗಿ ಹತರಾದ 12 ನೇಪಾಳಿ ಕಾರ್ಮಿಕರಲ್ಲಿ ಹಲವರಿಗೆ ಹೇಳಿದ್ದು ಜೋರ್ಡಾನ್‌ನ ಹೋಟೆಲ್ ಕೆಲಸ. ಏಜೆಂಟನನ್ನು ಕೇಳಿದರೆ ಮೇಲಿನ ಕಂಪನಿಯತ್ತ ಕೈ ತೋರಿಸುತ್ತಾನೆ, ಕಂಪನಿ ಏಜೆಂಟನತ್ತ.

ಕಾನೂನಿನ ತೂತು ತಿಳಿಯಲು ಬಾಗ್ದಾದಿನ ನಿಸೂರ್ ಚೌಕ ಸಾಕು. 2007ರ ಸೆಪ್ಟೆಂಬರ್ 16ರಂದು ಅಮೆರಿಕದ ಖಾಸಗಿ ಭದ್ರತಾ ಕಂಪನಿ ಬ್ಲ್ಯಾಕ್‌ವಾಟರ್‌ನ ಕಾವಲುಗಾರರ ಗುಂಡಿಗೆ 17 ಇರಾಕಿ ನಾಗರಿಕರು ಸತ್ತರು. ಇರಾಕನ್ನು ವಶಪಡಿಸಿಕೊಂಡ ಅಮೆರಿಕ ನೇತೃತ್ವದ ಆಡಳಿತ ಹೊರಡಿಸಿದ್ದ 17ನೇ ಆದೇಶ ಗುತ್ತಿಗೆಯವರಿಗೆ ಇರಾಕಿ ಕಾನೂನಿನಿಂದ ರಕ್ಷಣೆ ಕೊಟ್ಟಿತ್ತು. ವಿದೇಶದಲ್ಲಿ ಗುತ್ತಿಗೆಯವರು ಮಾಡಿದ ಅಪರಾಧವನ್ನು ಅಮೆರಿಕದಲ್ಲಿ ವಿಚಾರಿಸುವ 2000ರ ಕಾಯ್ದೆ ರಕ್ಷಣಾ ಇಲಾಖೆಯ ಗುತ್ತಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಬ್ಲ್ಯಾಕ್‌ವಾಟರ್‌ನದು ವಿದೇಶಾಂಗ ಇಲಾಖೆಯ ಗುತ್ತಿಗೆ. ನಾಲ್ವರು ಕಾವಲುಗಾರರು ತಪ್ಪಿತಸ್ಥರೆಂದು ತೀರ್ಪು ಬರಲು 2014 ಬಂತು. 2020ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು.

ಖಾಸಗಿ ಸೇನಾ ಕಂಪನಿಗಳ ಬಗ್ಗೆ ಹಲವು ದೇಶಗಳು ಒಪ್ಪಿದ 2008ರ ಮಾಂಟ್ರೂ ದಾಖಲೆಗೆ ಕಾನೂನಿನ ಬಲವಿಲ್ಲ, ಆದರೂ ಉತ್ತರಕ್ಕೆ ಚೌಕಟ್ಟು ಕೊಡುತ್ತದೆ: ಗುತ್ತಿಗೆ ಕೊಟ್ಟ ದೇಶ, ಕೆಲಸ ನಡೆಯುವ ದೇಶ, ಕಂಪನಿಯ ದೇಶ. ನಿಸೂರ್ ಪ್ರಕರಣವನ್ನು ಈ ಮೂರರಲ್ಲಿ ಇಟ್ಟು, ಯಾರಿಗೆ ವಿಚಾರಣೆಯ ಅಧಿಕಾರವಿತ್ತು, ಯಾರು ಬಿಟ್ಟುಕೊಟ್ಟರು ಎಂದು ಬರೆಯಿರಿ.